ಅಸುಂಡಿಯ ಬಾವಿಯಲ್ಲಿ ಹವಳ

ನನ್ನ ಹೆಸರು ಸಾಗರ. ಇಪ್ಪತ್ಮೂರು ತುಂಬುವವರೆಗೆ ನಾನು ನೋಡಿದ್ದ ಅತಿ ದೊಡ್ಡ ನೀರು ಗದಗಿನ ಭೀಷ್ಮ ಕೆರೆ. ಆದರೂ ಹಾಸ್ಟೆಲ್ಲಿನ ಲೈಬ್ರರಿಯಲ್ಲಿ ಹವಳದ ಬಗ್ಗೆ ಇದ್ದ ಎರಡೇ ಪುಸ್ತಕಗಳನ್ನು ನಾಲ್ಕು ಸಲ ಓದಿ, ಸಮುದ್ರಕ್ಕೆ ನನ್ನಿಂದ ಉಪಕಾರ ಆಗಬೇಕಾಗಿದೆ ಎಂದು ತೀರ್ಮಾನಿಸಿದ್ದೆ.

ಹವಳ ಕಲ್ಲಲ್ಲ, ಪ್ರಾಣಿ. ನೀರು ಕಾದರೆ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ, ಆಮೇಲೆ ಹಸಿದು ಸಾಯುತ್ತದೆ. ಹವಳದ ದಿಬ್ಬ ಹೋದರೆ ಮೀನೂ ಹೋಗುತ್ತದೆ, ಅಲೆ ನೇರ ದಂಡೆಗೆ ಬಡಿಯುತ್ತದೆ. ಬೆಟಗೇರಿಯ ನಮ್ಮ ಓಣಿಯಲ್ಲಿ ಇದನ್ನು ನನ್ನಿಂದ ಕೇಳದವರಿಲ್ಲ. ನನ್ನನ್ನು ಕಂಡರೆ ದಾರಿ ಬದಲಿಸುವವರೂ ಇದ್ದರು.

ತಮಿಳುನಾಡಿನ ಕಡಲತೀರದ ಒಂದು ಸಂಸ್ಥೆ, ಮುರಿದುಬಿದ್ದ ಹವಳದ ತುಂಡುಗಳನ್ನು ಕಬ್ಬಿಣದ ಚೌಕಟ್ಟಿಗೆ ಕಟ್ಟಿ ಮತ್ತೆ ಬೆಳೆಸಲು ಜನರನ್ನು ಕರೆದಿತ್ತು. ಉಸಿರಾಡುವ ಕೊಳವೆ ಕಚ್ಚಿಕೊಂಡು, ತಲೆ ಎತ್ತದೆ, ನೀರೊಳಗೆ ಹತ್ತು ತುಂಡು ದಾರದಿಂದ ಕಟ್ಟುವ ವಿಡಿಯೊ ಮಾಡಬೇಕು, ಅದೇ ಆಯ್ಕೆಯ ಪರೀಕ್ಷೆ. ಮೂರು ದಿನದ ಮೇಲೆ ಆ ಗಂಟುಗಳನ್ನು ಮತ್ತೆ ತೋರಿಸಬೇಕು. ಎರಡೂ ವಿಡಿಯೊ ಭಾನುವಾರ ಸಂಜೆಯೊಳಗೆ ಹೋಗಬೇಕು. ಆಗದಿದ್ದರೆ ಸೋಮವಾರದಿಂದ ಬಾಬಣ್ಣ ಕಾಕಾನ ಬಟ್ಟೆ ಅಂಗಡಿಯಲ್ಲಿ ಗಾದಿಯ ಮೇಲೆ ಕುಳಿತು ಸೀರೆ ಬಿಡಿಸಿ ತೋರಿಸಬೇಕು. ಅವ್ವ ಮಾತು ಕೊಟ್ಟಾಗಿತ್ತು.

ಈಜು ಕಲಿಸಿದವರು ಅಸುಂಡಿಯ ರೈತ ಯಮನೂರಸಾಬರು. ಅವರ ಹೊಲದ ಬಾವಿಯಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡು ಹದಿನೈದು ದಿನ ಮುಳುಗಿದೆ, ಹದಿನಾರನೆಯ ದಿನ ತೇಲಿದೆ. ಹವಳದ ಬದಲಿಗೆ ಅವ್ವನ ಡಬ್ಬಿಯಿಂದ ಕವಲೊಡೆದ ಹತ್ತು ಅರಿಷಿಣ ಕೊಂಬು ಕದ್ದೆ. ಗುರುವಾರ, ಹಳೆಯ ಕಿಟಕಿಯ ಸರಳಿನ ಚೌಕಟ್ಟನ್ನು ಹಗ್ಗಕ್ಕೆ ಕಟ್ಟಿ ನೀರೊಳಗೆ ಮೊಳದಾಳಕ್ಕೆ ಇಳಿಬಿಟ್ಟೆವು. ಅವರ ಮಗಳು ಫಿಜಾ ಮೆಟ್ಟಿಲ ಮೇಲೆ ಕುಳಿತು ಫೋನು ಹಿಡಿದಳು.

ಹತ್ತೂ ಕಟ್ಟಿದೆ. ಹತ್ತು ಸಲವೂ ಬಾಯಿಗೆ ನೀರು ನುಗ್ಗಿ, ಕೆಮ್ಮುತ್ತ ತಲೆ ಎತ್ತಿದೆ. ಕೊಳವೆ ಸೋರುತ್ತದೆ ಎಂದೆ, ಮಾರಿದವನನ್ನು ಬೈದೆ. ಯಮನೂರಸಾಬರು ಅದನ್ನು ಊದಿ ನೋಡಿ, ಒರೆಸಿ ವಾಪಸು ಕೊಟ್ಟರು. ಇನ್ನೊಮ್ಮೆ ಕಟ್ಟಲು ದಿನ ಉಳಿದಿರಲಿಲ್ಲ. ಅಲೆಯೂ ಇರಲಿ ಎಂದು ಅವರು ಮೂರು ದಿನ ಪಂಪಿನ ಪೈಪನ್ನು ಬಾವಿಗೇ ತಿರುಗಿಸಿ ಚೌಕಟ್ಟಿನ ಮೇಲೆ ನೀರು ಹಾಯಿಸಿದರು. ಭಾನುವಾರ ನೋಡಿದರೆ ಹತ್ತೂ ಕೊಂಬು ಅಲ್ಲೇ ಇದ್ದವು.

ಕಳಿಸುವ ಮೊದಲು ವಿಡಿಯೊ ಅವ್ವನಿಗೆ ತೋರಿಸಿದೆ. ಅವಳು ಮಗ್ಗ ನಿಲ್ಲಿಸಿ ನೋಡಿದಳು.

"ನೀರಾಗ ಇದ್ಕೊಂಡು ದಾರ ಯಾಕ ತೋಯಿಸ್ಕೊಂತಿಯೋ?"

ಆಗ ಕಂಡಿತು. ಪ್ರತಿ ಗಂಟಿಗೂ ಮೊದಲು ನನ್ನ ಕೈ ಕೊಳವೆಯನ್ನು ಬಾಯಿಂದ ಕಿತ್ತು, ದಾರದ ತುದಿಯನ್ನು ತುಟಿಗೆ ಹಚ್ಚುತ್ತಿತ್ತು. ಮಗ್ಗದಲ್ಲಿ ಎಳೆ ಹರಿದರೆ, ಗಂಟು ಹಾಕುವ ಮೊದಲು ಹಾಗೇ ಮಾಡುವುದು. ಆರನೆಯ ವಯಸ್ಸಿನಿಂದ ಅವಳ ಪಕ್ಕದಲ್ಲಿ ಕುಳಿತು ಮಾಡಿದ್ದೆ. ಮುಳುಗಿದ್ದ ದಾರಕ್ಕೆ ನಾನು ಎಂಜಲು ಹಚ್ಚುತ್ತಿದ್ದೆ. ಅದೂ ನೈಲಾನ್ ದಾರ.

ಹಾಗೆಯೇ ಕಳಿಸಿದೆ.

ಸೋಮವಾರ ಅಂಗಡಿಯಲ್ಲಿ ಎರಡನೆಯ ಸೀರೆ ಮಡಚುತ್ತಿದ್ದಾಗ ಸಂಸ್ಥೆಯಿಂದ ನೂರೀನ ಎಂಬವರು ಫೋನು ಮಾಡಿದರು. ನಮ್ಮ ಕಡೆಯ ಲಕ್ಷ್ಮೇಶ್ವರದವರೇ, ಸುತ್ತಿಬಳಸಿ ಮಾತಾಡಲಿಲ್ಲ. ಆಫೀಸಿನವರೆಲ್ಲ ನನ್ನ ವಿಡಿಯೊವನ್ನು ಎರಡು ಸಲ ನೋಡಿದರಂತೆ, ಒಂದು ಸಲ ಮಾತ್ರ ಕೆಲಸಕ್ಕಾಗಿ.

"ನಿಮ್ಮನ್ನ ಸಮುದ್ರಕ್ಕ ಇಳಿಸಿದ್ರ ಹವಳಕ್ಕೂ ತ್ರಾಸ, ನಮಗೂ ತ್ರಾಸರಿ. ಆದ್ರ ಗಂಟು ಒಂದೂ ಸಡ್ಲಾಗಿಲ್ಲ. ದಂಡಿ ಮ್ಯಾಲೆ ತೊಟ್ಟಿ ಮುಂದ ಕುಂತು ಕಟ್ಟಾಕ ಬರ್ತೀರೇನು? ಬ್ಯಾರೆಯವರು ಇಳಸ್ತಾರ."

ಬರುತ್ತೇನೆ ಎಂದೆ. ಮನೆಗೆ ಬಂದು ಹೇಳಿದಾಗ, ದಿನವಿಡೀ ಕುಳಿತಿರಬೇಕೇ ಎಂದು ಅವ್ವ ಕೇಳಿದಳು. ಹೌದೆಂದೆ. ದಾರ ಗಂಟು ಹಾಕುತ್ತಲೇ? ಹೌದೆಂದೆ. ಆ ಕೆಲಸ ಬೇಡವೆಂದೇ ನಾನು ಹಾಸ್ಟೆಲ್ಲು ಸೇರಿದ್ದೆನೆಂದು ಅವಳು ನೆನಪಿಸಲಿಲ್ಲ. ನಗುವುದನ್ನು ಮಾತ್ರ ತಡೆಯಲಿಲ್ಲ.

ಈಗ ಆರು ತಿಂಗಳಾಯಿತು. ನಾನು ಕಟ್ಟಿದ ತುಂಡುಗಳು ಕೆಳಗೆ ಚಿಗುರಿವೆಯಂತೆ. ಇಳಿದವರು ತಂದ ಫೋಟೊದಲ್ಲಿ ನೋಡಿದ್ದೇನೆ. ನಾನು ಮೊಣಕಾಲಿಗಿಂತ ಆಳ ಹೋಗಿಲ್ಲ. ದಾರ ಈಗಲೂ ತುಟಿಗೆ ಹೋಗುತ್ತದೆ. ಉಪ್ಪುಪ್ಪು.