ಮೈನಸ್ ಹನ್ನೊಂದು

ಅಡುಗೆಮನೆಯಲ್ಲಿ ನಗು ಕೇಳುತ್ತಿತ್ತು. ಸಂಗನಬಸವ ಒಳಗೆ ಕಾಲಿಟ್ಟ. ನಗು ನಿಂತುಹೋಯಿತು.

ಮೈನಸ್ ಎರಡು, ಎಂದುಕೊಂಡ.

ಹೆಂಡತಿ ಭುವನೇಶ್ವರಿ ಒಲೆಯ ಕಡೆ ತಿರುಗಿದಳು. ಅವಳ ತಂಗಿ ಜಯಶ್ರೀ, ಬಾಯಿಗೆ ಹೊರಟಿದ್ದ ರೊಟ್ಟಿಯ ಚೂರನ್ನು ತಾಟಿಗೆ ವಾಪಸು ಇಟ್ಟಳು.

"ಯಾಕ ನಗಾಕತ್ತಿದ್ರಿ?"

"ಏನಿಲ್ಲ ಬಿಡ್ರಿ. ಚಾ ಕುಡೀತೀರೇನು?"

ಅವನು ಕೇಳಿದ್ದು ಚಹಾ ಅಲ್ಲ. ಆದರೂ ನಿಂತೇ ಕುಡಿದ. ಬಾಗಿಲು ದಾಟಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಒಳಗೆ ನಗು ಬಿಟ್ಟಲ್ಲಿಂದಲೇ ಮತ್ತೆ ಶುರುವಾಯಿತು. ಇನ್ನೊಂದು ಮೈನಸ್.

ಹೀಗೆ ತನ್ನನ್ನೇ ಎಣಿಸಿಕೊಳ್ಳುವ ಚಟ ಅಂಟಿಸಿದ್ದು ಕಾಲೇಜು. ಸಿಂಧನೂರಿನ ಆ ಡಿಗ್ರಿ ಕಾಲೇಜಿನಲ್ಲಿ ಅವನು ಸಂಖ್ಯಾಶಾಸ್ತ್ರದ ಮೇಷ್ಟ್ರು. ಅವನ ಪಾಠ ಯಾರಿಗೂ ಬೇಕಿರಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ದೈಹಿಕ ಶಿಕ್ಷಣದ ಆಂಜನೇಯನಿಗೆ ಬೇಕಾಯಿತು. ವಿಶ್ವವಿದ್ಯಾಲಯದ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಈ ಕಾಲೇಜಿನಿಂದ ಒಬ್ಬಳನ್ನು ಕಳಿಸಬೇಕು. ಪ್ರತಿ ವರ್ಷ ಅದಕ್ಕೆ ವಶೀಲಿ, ಫೋನು, ಜಗಳ. "ಯಾರೂ ತಕರಾರು ತೆಗೀಬಾರ್ದು, ಅಂಥಾದ್ದೊಂದು ಅಂಕಿ ಕೊಡ್ರಿ ಸರ್" ಎಂದ ಆಂಜನೇಯ.

ಸಂಗನಬಸವ ಹುಡುಕಿ ಪ್ಲಸ್-ಮೈನಸ್ ತಂದ. ಸ್ಟಾಫ್ ರೂಮಿನ ಬೋರ್ಡಿನ ಮೇಲೆ ಬರೆದೂ ತೋರಿಸಿದ. ಒಬ್ಬಳು ಅಂಗಳದಲ್ಲಿ ಇದ್ದಷ್ಟು ಹೊತ್ತು ತಂಡ ಗಳಿಸಿದ್ದೆಷ್ಟು, ಎದುರಾಳಿಗೆ ಬಿಟ್ಟುಕೊಟ್ಟಿದ್ದೆಷ್ಟು. ಕಳೆಯಿರಿ, ಉಳಿದದ್ದೇ ಅವಳ ಬೆಲೆ. ಅವಳೇ ಚೆಂಡು ಹಾಕಬೇಕೆಂದಿಲ್ಲ. ಅವಳು ಇದ್ದರೆ ಏನಾಗುತ್ತದೆ ಅನ್ನುವುದಷ್ಟೇ ಮುಖ್ಯ. ಈ ಅಂಕಿಯ ಮುಂದೆ ಯಾರ ಮಾತೂ ನಡೆಯುವುದಿಲ್ಲ, ಎಂದ.

ಉರ್ದು ಕಲಿಸುವ ಇಸ್ಮಾಯಿಲ್‌ಸಾಬ್ ಚಹಾದ ಲೋಟ ಕೆಳಗಿಟ್ಟು ಕೇಳಿದ: "ಹಂಗಾದ್ರ ನೀವು ಸ್ಟಾಫ್ ರೂಮಿಗೆ ಬಂದ್ರ ನಮ್ಮ ತಂಡದ್ದು ಎಷ್ಟಾಗತೈತ್ರಿ ಸರ್?"

ಎಲ್ಲರೂ ನಕ್ಕರು. ಸಂಗನಬಸವನೂ ನಕ್ಕ, ಉಳಿದವರ ನಗು ಮುಗಿದ ಮೇಲೆ.

ಇವತ್ತು ಕೊನೆಯ ಪಂದ್ಯ, ಮಸ್ಕಿಯವರ ಮೇಲೆ. ಇರುವ ಒಂದೇ ಜಾಗಕ್ಕೆ ಇಬ್ಬರು: ಅಶ್ವಿನಿ, ದೀಪಿಕಾ. ಅಂಗಳದಲ್ಲೂ ಇಬ್ಬರೂ ಆಡುವುದು ಒಂದೇ ಸ್ಥಾನದಲ್ಲಿ. ಒಬ್ಬಳು ಒಳಗಿದ್ದರೆ ಇನ್ನೊಬ್ಬಳು ಹೊರಗೆ. ಅಶ್ವಿನಿಯ ಲೆಕ್ಕ ಪ್ಲಸ್ ಒಂಬತ್ತರಲ್ಲಿತ್ತು, ದೀಪಿಕಾಳದು ಮೈನಸ್ ಆರರಲ್ಲಿ. ಸಾಲಗುಂದದಿಂದ ದಿನಾ ಬಸ್ಸಿಗೆ ಬರುವ ದೀಪಿಕಾಗೆ ಇದು ಕೊನೆಯ ವರ್ಷ. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದರೆ ಕ್ರೀಡಾ ಕೋಟಾದಲ್ಲಿ, ಆಟದ ಟೀಚರಾಗುವ ಬಿ.ಪಿ.ಎಡ್. ಸೀಟು ಸಿಗುತ್ತದೆ. ಆಡದಿದ್ದರೆ ಅವಳ ಓದು ಇಲ್ಲಿಗೆ ಮುಗಿಯಿತು.

ಅಂಗಳಕ್ಕೆ ಬಂದಾಗಲೇ ಅವನಿಗೆ ಸಿಟ್ಟು ಬಂತು. ಬೇವಿನ ಮರದ ನೆರಳಿನಲ್ಲಿ ಅವನು ಯಾವಾಗಲೂ ಕೂತು ಲೆಕ್ಕ ಬರೆಯುವ ಮೇಜು ಇರಲಿಲ್ಲ. ಅಲ್ಲಿ ಟ್ರಸ್ಟಿನ ಅಧ್ಯಕ್ಷ ಶಿವಶರಣಪ್ಪನವರಿಗೂ ಅವರ ಬಳಗಕ್ಕೂ ಕುರ್ಚಿ ಹಾಕಿದ್ದರು. ಮೇಜನ್ನು ಒಯ್ದು ಮೂಡಣ ತುದಿಯ ರಿಂಗಿನ ಬೋರ್ಡಿನ ಕೆಳಗೆ ಇಟ್ಟಿದ್ದರು.

"ಇಲ್ಲಿ ಕುಂತು ನಾ ಏನ್ ನೋಡ್ಲಿ?"

"ಹೊಂದ್ಕೋರಿ ಸರ್, ಇವತ್ತೊಂದಿನ" ಎಂದ ಆಂಜನೇಯ.

ಹೊಂದಿಕೊಂಡ. ಎಲ್ಲೆಡೆ ಇಂಥ ಅಂಗಳ ತೆಂಕು-ಬಡಗಾಗಿ ಇರುತ್ತದಂತೆ. ಇಲ್ಲಿ ಮೂಡು-ಪಡುವಾಗಿತ್ತು. ಪೂರ್ವಕ್ಕೆ ಮುಖ ಮಾಡಿ ಆಡಿದರೆ ಮಕ್ಕಳಿಗೆ ಒಳ್ಳೆಯದಾಗುತ್ತದೆಂದು ಶಿವಶರಣಪ್ಪನವರೇ ನಿಂತು ಗೆರೆ ಹಾಕಿಸಿದ್ದರು. ಅರ್ಧ ಆಟದ ಮೇಲೆ ದಿಕ್ಕು ಬದಲಾಗುತ್ತದೆಂದು ಹಿರಿಯರಿಗೆ ಹೇಳುವವರು ಯಾರು?

ಬಿಸಿಲಿಗೆ ಹೆದರಿ ಪಂದ್ಯವನ್ನು ಯಾವಾಗಲೂ ಮಧ್ಯಾಹ್ನ ಇಳಿದ ಮೇಲೆ ಇಡುತ್ತಿದ್ದರು. ಯಾವ ಕಡೆ ಬೇಕೆಂದು ಬಂದವರನ್ನು ಮೊದಲು ಕೇಳುವುದು ಇಲ್ಲಿನ ಮರ್ಯಾದೆ. ಮಸ್ಕಿಯ ಹುಡುಗಿಯರು, ಹಿಂದೆ ಲಿಂಗಸುಗೂರಿನವರು ಕೇಳಿದ ಕಡೆಯನ್ನೇ, ಮೊದಲರ್ಧ ಪಡುವಣ ರಿಂಗಿಗೆ ಆಡುವುದನ್ನೇ, ಕೇಳಿದರು. ಆಟ ಶುರುವಾಯಿತು. ಅಶ್ವಿನಿ ಚೆನ್ನಾಗಿ ಆಡಿದಳು, ಅದರಲ್ಲಿ ಎರಡು ಮಾತಿಲ್ಲ. ಅವನು ಬರೆದುಕೊಂಡ. ಪ್ಲಸ್ ಐದು.

ಅರ್ಧ ಆಟ ಮುಗಿದು ಕಡೆ ಬದಲಾಯಿತು. ಹೊತ್ತು ಪಡುವಣ ಬೋರ್ಡಿನ ಹಿಂದಕ್ಕೆ ಇಳಿದಿತ್ತು. ಅಶ್ವಿನಿ ಹಣೆ ಹಿಡಿದುಕೊಂಡು ಆಂಜನೇಯನ ಹತ್ತಿರ ಬಂದಳು.

"ಸರ್, ತಲಿ ನೋಯಾಕತ್ತೈತ್ರಿ."

"ಬಿಸಿಲು ನಿನಗ ಆಗಂಗಿಲ್ಲ ಬಿಡು. ದೀಪಿಕಾ, ನೀ ಹೋಗವ್ವ."

ಪ್ರತಿ ಪಂದ್ಯದಲ್ಲೂ ಹೀಗೇ ಆಗಿತ್ತು. ಅವನು ಬರೆದುಕೊಂಡಿದ್ದ: ಎರಡನೇ ಅರ್ಧ, ದೀಪಿಕಾ ಒಳಗೆ.

ಚೆಂಡು ಅತ್ತ ಹೋಯಿತು. ಸಂಗನಬಸವ ತಲೆಯೆತ್ತಿದ. ಏನೂ ಕಾಣಲಿಲ್ಲ. ರಿಂಗು ಇಲ್ಲ, ಬೋರ್ಡು ಇಲ್ಲ, ಹುಡುಗಿಯರಿಲ್ಲ. ಬರೀ ಬೆಳ್ಳಗಿನ ಉರಿ.

"ಬಿತ್ತೇನು?" ಎಂದು ಆಟ ನೋಡುತ್ತ ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳನ್ನು ಕೇಳಿದ.

"ಇಲ್ರಿ ಸರ್. ದೀಪಿಕಾಗ ಪಾಸ್ ಕೊಟ್ರು, ಆಕಿ ಹಿಡೀಲಿಲ್ಲ."

ಕಣ್ಣಿಗೆ ಕೈ ಅಡ್ಡ ಇಟ್ಟು ನೋಡಿದ. ಅಂಗಳದ ನಡುವೆ ದೀಪಿಕಾಳೂ ಕಣ್ಣಿಗೆ ಕೈ ಅಡ್ಡ ಇಟ್ಟು ಓಡುತ್ತಿದ್ದಳು. ಮತ್ತೊಂದು ಪಾಸ್ ಬಂದು ಅವಳ ಭುಜಕ್ಕೆ ಬಡಿಯಿತು. ಬೇವಿನ ನೆರಳಿನಲ್ಲಿ ಯಾರೋ ನಕ್ಕರು. ಮಸ್ಕಿಯವರು ಬಿಸಿಲಿಗೆ ಬೆನ್ನು ಹಾಕಿ ಬಂದು ಅವನ ತಲೆಯ ಮೇಲಿನ ರಿಂಗಿಗೆ ಹಾಕಿ ಹೋದರು. ತಡೆಯಲು ತಿರುಗಿ ನಿಂತರೂ ಅವಳ ಮುಖಕ್ಕೆ ಅದೇ ಬಿಸಿಲು.

ಉಳಿದ ನಾಲ್ವರು ಎರಡೂ ಅರ್ಧ ಆಡುತ್ತಿದ್ದರು; ಅವರ ಲೆಕ್ಕ ಹೇಗೋ ಸರಿದೂಗುತ್ತಿತ್ತು. ಬಿಸಿಲು ಪೂರ್ತಿ ಬಿದ್ದದ್ದು ಇವಳೊಬ್ಬಳ ಪಾಲಿಗೆ. ಅದನ್ನು ಅವನು ಇಷ್ಟು ದಿನ ನೆರಳಿನಲ್ಲಿ ಕೂತು, ನೀಟಾಗಿ, ಅವಳ ಹೆಸರಿನ ಮುಂದೆ ಬರೆದಿದ್ದ.

ಥಟ್ಟನೆ ಖುಷಿಯಾಯಿತು. ಹಾಗಾದರೆ ಅಡುಗೆಮನೆಯಲ್ಲೂ ತಪ್ಪು ನನ್ನದಲ್ಲವೇನೋ. ನಾನು ಕಾಲಿಡುವ ಹೊತ್ತೇ ಅಂಥದ್ದೇನೋ. ಸ್ಟಾಫ್ ರೂಮಿನಲ್ಲಿ ನನ್ನ ಜೊತೆ ಕೂರುವವರೇ ಅಂಥವರೇನೋ. ಹುಡುಗಿಯ ಸೀಟು ಹೋಗುತ್ತಿರುವಾಗ ಮೊದಲು ನೆನಪಾದದ್ದು ತನ್ನ ಅಡುಗೆಮನೆ ಎಂದು ಹೊಳೆದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಅಸಹ್ಯವಾದರೂ ಆ ಖುಷಿ ಪೂರ್ತಿ ಹೋಗಲಿಲ್ಲ.

ಪಂದ್ಯ ಮುಗಿಯಿತು. ಆಂಜನೇಯ ಬಂದು ಮೇಜಿನ ಮೇಲೆ ಬಾಗಿದ.

"ಅಶ್ವಿನಿ ಪ್ಲಸ್ ಹದಿನಾಲ್ಕು. ದೀಪಿಕಾ ಮೈನಸ್ ಹನ್ನೊಂದು. ಕಣ್ಣು ಮುಚ್ಚಿ ಸಹಿ ಹಾಕ್ರಿ."

"ಆಂಜನೇಯ ಸರ್, ಬಿಸಿಲು ನೋಡಿದ್ರೇನು?"

"ಸಿಂಧನೂರಾಗ ಬಿಸಿಲು ನೋಡದವ್ರು ಯಾರದಾರ್ರಿ?"

"ಹಂಗಲ್ಲ. ಆ ಹುಡುಗಿ ಆಡೋದೇ ಎರಡನೇ ಅರ್ಧ. ಮುಖಕ್ಕ ಬಿಸಿಲು..."

"ಕುಣಿಯಾಕ ಬರದಾಕಿ ನೆಲ ಡೊಂಕು ಅಂದಳಂತ."

"ನೆಲ ಡೊಂಕೇ ಐತ್ರಿ."

ಆಂಜನೇಯ ನೆಟ್ಟಗೆ ನಿಂತ. ಅವನ ಮುಖದಲ್ಲಿ ಕೇಡಿರಲಿಲ್ಲ, ಬರೀ ದಣಿವಿತ್ತು. "ಸರ್, ಅಂಕಿ ಮುಂದ ಯಾರ ಮಾತೂ ನಡಿಯಂಗಿಲ್ಲ ಅಂದವ್ರು ನೀವು. ಈಗ ನಿಮ್ಮ ಮಾತು ಹೆಂಗ ನಡೀತೈತ್ರಿ? ನಾಳೆ ನಾಲ್ಕು ಮಂದಿ ಅಂತಾರ, ಮೇಷ್ಟ್ರಿಗೂ ಸಾಲಗುಂದದಿಂದ ಫೋನ್ ಬಂದಿತ್ತು ಅಂತ."

ಸಂಗನಬಸವ ಬೇವಿನ ಮರದ ಕಡೆ ನೋಡಿದ. ಇಸ್ಮಾಯಿಲ್‌ಸಾಬ್ ಶಿವಶರಣಪ್ಪನವರಿಗೆ ಏನೋ ಹೇಳಿ ನಗಿಸುತ್ತಿದ್ದ. ಅಲ್ಲಿಗೆ ಹೋಗಿ ನಿಂತು ಅಂಗಳದ ಗೆರೆ ತಪ್ಪು ಎಂದರೆ ಆ ನಗು ಏನಾಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸಹಿ ಹಾಕಿದ. ಸಹಿ ಮಾತ್ರ ಇವತ್ತು ಚೆಂದ ಬಂತು.

"ಆಫೀಸಿಗೆ ಕೊಟ್ಟು ಹೋಗ್ರಿ, ಪ್ರಿನ್ಸಿಪಾಲರು ಕಾಯಾಕತ್ತಾರ" ಎಂದು ಆಂಜನೇಯ ಮಸ್ಕಿಯವರನ್ನು ಬಸ್ಸು ಹತ್ತಿಸಲು ಹೋದ.

ಹಾಳೆ ಹಿಡಿದುಕೊಂಡು ಅಂಗಳ ದಾಟುತ್ತಿದ್ದಾಗ ಚೆಂಡು ಪುಟಿಸುತ್ತ ದೀಪಿಕಾ ಎದುರಾದಳು. ಕಣ್ಣು ಕೆಂಪಗಿದ್ದವು. ಅತ್ತು ಕೆಂಪಾದದ್ದೋ ಬಿಸಿಲಿಗೋ, ಕೇಳುವ ಧೈರ್ಯ ಅವನಿಗಿರಲಿಲ್ಲ.

"ಎಷ್ಟು ಬಂತ್ರಿ ಸರ್?"

"ಇನ್ನೂ ಕೂಡಿಸಿಲ್ಲವ್ವ."

"ಮೈನಸ್ ಹನ್ನೊಂದಲ್ರಿ? ಎಲ್ಲಾರೂ ಅನ್ನಾಕತ್ತಾರ." ಅವಳು ಚೆಂಡು ಹಿಡಿದು ನಿಲ್ಲಿಸಿದಳು. "ನಾ ಎಲ್ಲಿ ತಪ್ಪೀನಿ, ಒಂದರ ಹೇಳ್ರಿ ಸರ್. ತಿದ್ಕೊಂತೀನಿ."

ಎಲ್ಲಿಯೂ ತಪ್ಪಿಲ್ಲ ಎಂಬ ಮಾತು ನಾಲಿಗೆಯವರೆಗೆ ಬಂತು.

"ಎಲ್ಲಾರ ಜೋಡಿ ಹೊಂದ್ಕೊಂಡು ಆಡಬೇಕವ್ವ" ಎಂದ. ಮನೆಯಲ್ಲಿ ಭುವನೇಶ್ವರಿ ಅವನಿಗೆ ಹೇಳುವ ಮಾತು. ಅದೇ ದನಿಯಲ್ಲಿ ಬಂತು.

ದೀಪಿಕಾ ಚೆಂಡನ್ನು ಕಂಕುಳಿಗೆ ಸೇರಿಸಿದಳು. ಆಮೇಲೆ, "ಸರ್, ಒಂದೀಟು ಇಲ್ಲೇ ನಿಂದ್ರಿ" ಎಂದು ಪಡುವಣ ಬೋರ್ಡಿನ ಕಡೆ ನಡೆದಳು. ನಾಲ್ಕು ಹೆಜ್ಜೆ ಕಾಣಿಸಿದಳು, ಮತ್ತೆ ಕಾಣಿಸಲಿಲ್ಲ. ಉರಿ ಅವಳನ್ನು ನುಂಗಿತು.

"ಹಿಡೀರಿ ಸರ್."

ದನಿ ಯಾವ ಕಡೆಯಿಂದ ಬಂತೆಂದು ತಿಳಿಯಲಿಲ್ಲ. ಚೆಂಡು ನೆಲಕ್ಕೆ ಒಮ್ಮೆ ಬಡಿದದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಅದು ಅವಳ ಕೈ ಬಿಟ್ಟಿರಬೇಕು. ಹಾಳೆಯನ್ನು ಎಲ್ಲಿ ಇಡುವುದೆಂದು ತಿಳಿಯದೆ, ಬಿಡಲೂ ಆಗದೆ, ಸಂಗನಬಸವ ಎರಡೂ ಕೈಗಳನ್ನು ಆ ಬೆಳಕಿನ ಕಡೆಗೆ ಚಾಚಿ ನಿಂತ.