ವಿರುಪಮ್ಮತ್ತೆಯ ವ್ರತಗಳು

ಮಿಮಿಕ್ರಿಯಲ್ಲಿ ನನ್ನ ಗಂಟಲಿಗೆ ಹೊಸಪೇಟೆಯಲ್ಲಿ ಎದುರಾಳಿ ಇನ್ನೂ ಹುಟ್ಟಿಲ್ಲ, ತಿಳ್ಕೊಳ್ಳಿ. ವಿಲನ್ ನಗು, ಹೀರೋಯಿನ್ ಅಳು, ಪ್ರಿನ್ಸಿಪಾಲರ ಕೆಮ್ಮು, ಯಾವುದು ಬೇಕು? ಒಂದೇ ಫೋನಿನಲ್ಲಿ ಸಂಸಾರ ಉಳಿಸಿದವಳು ಈ ಐಶ್ವರ್ಯ. ಇಂಟರ್ವಲ್ ಇಲ್ಲ, ಕೂತು ಕೇಳಿ.

ಸೋದರತ್ತೆ ವಿರುಪಮ್ಮನಿಗೆ ಐವತ್ಮೂರು. ಮುಟ್ಟು ನಿಂತ ಮೇಲೆ ಮಾವ ಹತ್ತಿರ ಬಂದರೆ ಒಳಗೆ ಬ್ಲೇಡು ಎಳೆದಂಥ ನೋವು. ಹೇಳಲು ನಾಚಿಕೆ. ಸೋಮವಾರ ವ್ರತ ಎಂದಳು. ಆಮೇಲೆ ಗುರುವಾರ, ಅಮಾವಾಸ್ಯೆ, ಕೊನೆಗೆ ಇಡೀ ಶ್ರಾವಣ. ಲಿಂಗರಾಜ್ ಮಾವ ಮಹಾ ಭಕ್ತ. ವ್ರತ ಕೆಡಬಾರದೆಂದು ಹಾಸಿಗೆಯನ್ನು ಕಂಪ್ಲಿಯ ತನ್ನ ರೈಸ್‌ಮಿಲ್ಲಿಗೆ ಒಯ್ದ. "ಅಕ್ಕ, ನೀ ಶರಣಿ ಆಗಿಬಿಟ್ಟಿ" ಎಂದು ಓಣಿಯ ಹೆಂಗಸರು ಕಾಲಿಗೆ ಬೀಳತೊಡಗಿದರು.

ಮೊನ್ನೆ ಅತ್ತೆಗೆ ಮಾವನ ಫೋನು: "ನೀನಂತೂ ಸಂಸಾರ ಬಿಟ್ಟಂಗಾತು. ನಾನೂ ಸಂಡೂರು ಕಡಿ ಮಠದಾಗ ಸೇವಾ ಮಾಡ್ಕೊಂತ ಇದ್ದುಬಿಡ್ತೀನಿ. ನಾಳಿ ಹೊಂಟೀನಿ."

ಅತ್ತೆ ಆಸ್ಪತ್ರೆಗೆ ಹೋಗಲು ನನ್ನ ಸ್ಕೂಟಿ ಹತ್ತಿದಳು. ಲೇಡಿ ಡಾಕ್ಟರ್ ಪರೀಕ್ಷೆ ಮಾಡಿ ಹೇಳಿದರು, "ಹಾರ್ಮೋನ್ ಕಮ್ಮಿ ಆಗಿ ಒಳಗ ಒಣಗೈತಮ್ಮ. ಭಾಳ ಮಂದಿಗೆ ಆಗ್ತೈತಿ. ಇದು ಈಸ್ಟ್ರೊಜೆನ್ ಕ್ರೀಮು. ಎರಡು ವಾರ ದಿನಾ ಒಳಗ ಹಾಕ್ಕೊ, ಆಮ್ಯಾಲೆ ವಾರಕ್ಕೆರಡು ಸಲ. ಆರಾಮಾಗಾಕ ಕೆಲವು ವಾರ ಬೇಕು."

"ನಾಳಿಗೆ ಆಗಂಗಿಲ್ಲೇನ್ರಿ?"

ಡಾಕ್ಟರ್ ಇಲ್ಲವೆಂದು ತಲೆಯಾಡಿಸಿದರು.

ಹೊರಗೆ ಬಂದ ಅತ್ತೆ ಟ್ಯೂಬನ್ನು ಸೆರಗಿನಲ್ಲಿ ಮುಚ್ಚಿ ಹಿಡಿದಿದ್ದಳು.

"ಮಾವಗ ಹೇಳಿಬಿಡತ್ತಿ."

"ಯಾವ ಬಾಯಿಲೆ ಹೇಳ್ಲಿ? ದೇವ್ರ ಹೆಸ್ರಿಲೆ ಸುಳ್ಳು ಹೇಳೀನಿ. ಕಾಲುವಿಗೆ ಹಾರಾದೊಂದ ಉಳದೈತಿ ನೋಡು."

ನಾನು ಫೋನ್ ತೆಗೆದೆ. ಸ್ಪೀಕರ್ ಹಾಕಿ, ಡಾಕ್ಟರ ದನಿ ತೆಗೆದೆ: "ಲಿಂಗರಾಜ್ ಅವ್ರೇನ್ರಿ? ನಿಮ್ಮ ಮನಿಯವ್ರಿಗೆ ಒಂದು ತೊಂದ್ರಿ ಐತ್ರಿ." ಹಾರ್ಮೋನು, ಒಣಗುವುದು, ಕ್ರೀಮು, ಎಲ್ಲ ಹೇಳಿದೆ. ಮಾವ "ಆತ್ರಿ ಮೇಡಂ" ಎಂದು ಸಂಜೆಯೇ ಹಾಸಿಗೆ ಸಮೇತ ವಾಪಸ್. ಶಿಳ್ಳೆ ಹೊಡೀರಿ.

ಬೇಡ, ಹೊಡೀಬೇಡಿ. ಹಾಗಾಗಲಿಲ್ಲ.

"ಮನಿಯವ್ರಿಗೆ" ಎನ್ನುವಷ್ಟರಲ್ಲೇ ನನ್ನ ಗಂಟಲು ಕಟ್ಟಿತು.

"ಐಶೂ, ಯಾಕಲೇ ಅಳಾಕತ್ತಿ? ನಿಮ್ಮತ್ತಿ ಎಲ್ಲದಾಳ?" ಎಂದ ಮಾವ.

ಅತ್ತೆ ಟ್ಯೂಬನ್ನು ನನ್ನ ಕೈಗೆ ತುರುಕಿ ಫೋನು ಕಿತ್ತುಕೊಂಡಳು. "ವ್ರತ ಅಲ್ರಿ. ನೋವು. ಎಲ್ಲಾ ಸುಳ್ಳು ಹೇಳೀನಿ."

ಆ ಕಡೆ ಮಿಲ್ಲು ಗಡಗಡ ಓಡುತ್ತಿತ್ತು. ಆಮೇಲೆ ಅದರ ಸದ್ದು ನಿಂತಿತು.

"ಮಿಲ್ ಬಂದ್ ಮಾಡಿಸೀನಿ. ಈಗ ಹೇಳು."

ಅತ್ತೆ ಮೊದಲಿನಿಂದ ಹೇಳತೊಡಗಿದಳು. ಟ್ಯೂಬು ಹಿಡಿದು ನಿಂತದ್ದು ಬಿಟ್ಟರೆ ನಾನು ಮಾಡಿದ್ದು ಏನೂ ಇಲ್ಲ.