ಗರುಡನಿಗೆ ಪಾಯಸ

ಆ ಶನಿವಾರದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಘಾಟ್ಕೋಪರಿನ ನಮ್ಮ ಚಾಳಿನ ತಗಡಿನ ಮೇಲೆ ಕಾಗೆಗಳು ಕುಕ್ಕುತ್ತಿದ್ದ ಗಿಡುಗದ ಮರಿಯನ್ನು ಎತ್ತಿ ತಂದವಳು ನಾನು. ಪಕ್ಕದ ಕೋಣೆಯ ಮೌಲಾ ಚಾಚಾ ಧಾರವಾಡ ಸೀಮೆಯ ಯಾರೋ ನವಾಬರ ಬೇಟೆಹಕ್ಕಿಗಳನ್ನು ಪಳಗಿಸುತ್ತಿದ್ದವರು. ನವಾಬಗಿರಿ ಹೋದ ಮೇಲೆ ಬೊಂಬಾಯಿಗೆ ಬಂದವರು. ಅವರೇ ಮರಿಯ ಕಾಲಿಗೆ ತೊಗಲಿನ ಪಟ್ಟಿ ಕಟ್ಟಿ, ನನ್ನ ಎಡಗೈಗೆ ದಪ್ಪ ಗವಸು ಹಾಕಿಸಿದರು.

"ನೋಡವ್ವ ವಾರಿಜಾ, ಕೈ ಮ್ಯಾಲ ಕುಂತು ತಿನ್ನಬೇಕು. ತಿಂತಂದ್ರ ನಿಂದು, ಇಲ್ಲಾಂದ್ರ ಉಪಾಸ ಸಾಯ್ತೈತಿ. ಗುಸ್ಸಾ ಮಾತ್ರ ಬ್ಯಾಡ. ಗುಸ್ಸಾ ಕೈಗೆ ಇಳಿತೈತಿ, ಹಕ್ಕಿಗೆ ತಿಳಿತೈತಿ."

ಸಿಟ್ಟು ಬೇಡ ಎಂದು ಹೇಳುವುದು ಯಾರಿಗೆ! ನಲ್ಲಿಯ ಹತ್ತಿರ ನನ್ನ ಬಾಯಿಗೆ ಹೆದರದವರಿಲ್ಲ. ಆದರೂ ಹಠ ಹಿಡಿದು, ಕಿಟಕಿಗೆ ಗೋಣಿ ಕಟ್ಟಿ, ಮಬ್ಬು ಬೆಳಕಿನಲ್ಲಿ ಅದನ್ನು ಹೊತ್ತು ಕೂತೆ. ಮೊದಮೊದಲು ಅದು ತಲೆಕೆಳಗಾಗಿ ಜೋತುಬೀಳುತ್ತಿತ್ತು. ಆಮೇಲೆ ಗರಿ ಸಡಿಲಿಸಿ ನಿಂತಿತು. ಶುಕ್ರವಾರ ಕೋಳಿಯ ಚೂರಿನತ್ತ ಕತ್ತು ಬಗ್ಗಿಸಿ, ಮುಟ್ಟದೆ, ನನ್ನ ಮುಖ ನೋಡಿತು. ನಾಳೆ ತಿನ್ನುತ್ತದೆ ಎಂದುಕೊಂಡೆ.

ಮರುದಿನ ನಮ್ಮ ತುಳುನಾಡಿನ ಸೋಣ ತಿಂಗಳ ಶನಿವಾರ, ನಮ್ಮವರು ಮಾಂಸ ಮುಟ್ಟದ ದಿನ. ನಾನು ನೀರು ಹಿಡಿದು ಬರುವಷ್ಟರಲ್ಲಿ ಹಕ್ಕಿಗೆಂದು ನಾನು ತಂದಿಟ್ಟ ಕೋಳಿಯನ್ನು ಅತ್ತೆ ಗಟಾರಕ್ಕೆ ಎಸೆದಿದ್ದಳು. ಹಕ್ಕಿಯ ನೆತ್ತಿಗೆ ಕುಂಕುಮ, ಕೊಕ್ಕಿನ ತುಂಬ ಹೆಸರುಬೇಳೆ ಪಾಯಸ. ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಸಪ್ಲೈಯರ್ ಆಗಿರುವ ನನ್ನ ಗಂಡ ಸೀನ, ರಜೆ ಹಾಕಿ ಬಂದು ಜಾಗಟೆ ಬಾರಿಸುತ್ತಿದ್ದ. ಹಕ್ಕಿ ಪಟ್ಟಿಯಲ್ಲಿ ನೇತಾಡುತ್ತ ಏದುಸಿರು ಬಿಡುತ್ತಿತ್ತು.

"ಎಂತ ಮಾಡಿದ್ದು ನೀವು?"

"ಮನೆಗೆ ಬಂದ ಗರುಡ ಅಲ್ವಾ ಮಾರಾಯ್ತಿ ಅದು? ಸೋಣದ ಶನಿವಾರ ಗರುಡನಿಗೆ ಕೋಳಿ ಕೊಡ್ಲಿಕ್ಕೆ ಉಂಟಾ?" ಅಂದಳು ಅತ್ತೆ.

ಜಾಗಟೆ ಕಿತ್ತು ಗ್ಯಾಲರಿಯಾಚೆ ಬಿಸಾಡಿದೆ. ಪಾಯಸದ ಪಾತ್ರೆಯೂ ಅದರ ಹಿಂದೆಯೇ ಹೋಯಿತು. ನನ್ನ ಬೈಗುಳ ಸ್ಟೇಷನ್ನಿನ ತನಕ ಕೇಳಿಸಿರಬೇಕು. ಚಾಚಾ ತಮ್ಮ ಅಡುಗೆಮನೆಯಿಂದ ಒಂದು ಹಸಿ ಮಾಂಸದ ಚೂರು ತಂದುಕೊಟ್ಟು, "ಕೈ ನೋಡ್ಕೋವ್ವ" ಎಂದಷ್ಟೇ ಹೇಳಿ ಹೋದರು.

ಕೊಕ್ಕು ಒರೆಸಿ, ಹಕ್ಕಿಯನ್ನು ಕೂರಿಸಿಕೊಂಡು ಗ್ಯಾಲರಿಯ ಮೂಲೆ ಹಿಡಿದೆ. ಸಿಟ್ಟಿಗೆ ಕೈ ಗಡಗಡ ನಡುಗುತ್ತಿತ್ತು. ಅದು ಮತ್ತೆ ಮತ್ತೆ ಜೋತುಬಿತ್ತು. ಹೀಗೇ ಆದರೆ ಇದನ್ನು ಕೊಲ್ಲುವವಳು ನಾನೇ ಎಂದು ಭಯವಾಯಿತು. ಹಲ್ಲು ಕಚ್ಚಿ ಕೂತೆ. ಬಹಳ ಹೊತ್ತಿನ ಮೇಲೆ ಕೈಯ ನಡುಕ ನಿಂತಿತು. ಬಿಸಿಲು ಇಳಿಯುವಾಗ ಹಕ್ಕಿ ಬಗ್ಗಿ ಒಂದು ಎಳೆ ಕಿತ್ತು ನುಂಗಿತು. ನನಗೆ ಅಳು ಬಂತು.

ಅಷ್ಟರಲ್ಲಿ ಬಾಗಿಲಿಂದ ಸೀನ ಕೂಗಿದ: "ಅಮ್ಮಾ, ತಿಂತಾ ಉಂಟು! ನಮ್ಮ ಪೂಜೆ ಫಲ ಕೊಟ್ಟಿತು, ನೋಡಿ!"

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹಕ್ಕಿ ಇನ್ನೊಂದು ಎಳೆ ಕೀಳುತ್ತಿತ್ತು. ಕೈ ಅಲುಗಿಸದೆ, ಮಗು ಮಲಗಿಸುವ ದನಿಯಲ್ಲಿ ಹೇಳಿದೆ: "ಹೌದಾ? ಇದು ತಿಂದು ಮುಗಿಸುವುದರೊಳಗೆ ಅಮ್ಮ ಮಗ ಇಬ್ರೂ ಎಲ್ಲಿಗಾದ್ರೂ ಹೋಗಿ."

ಮದುವೆಯಾದಂದಿನಿಂದ ನಾನು ಅಷ್ಟು ಮೆತ್ತಗೆ ಮಾತಾಡಿದ್ದು ಸೀನ ಕೇಳಿರಲಿಲ್ಲ. ಅವನು ಚಪ್ಪಲಿ ಹುಡುಕತೊಡಗಿದ.